ಹೆರಿಗೆ ಕೋಣೆಯ ಗ್ಲೌಸ್: ಹಾಕುವುದಷ್ಟೇ ಅಲ್ಲ, ತೆಗೆಯುವುದನ್ನೂ ಕಲಿಸಿ

ಬಳ್ಳಾರಿಯ ಸತ್ಯನಾರಾಯಣಪೇಟೆಯ ಮೆಡಿಕಲ್ ಶಾಪ್‌ನಲ್ಲಿ ಗ್ಲೌಸ್ ಕೇಳಿದರೆ ಸಾಮಾನ್ಯವಾಗಿ ಎರಡು ಬಗೆ ತೋರಿಸುತ್ತಾರೆ. ಒಂದು, ನೂರರ ಡಬ್ಬಿಯಲ್ಲಿ ಬರುವ ಮಾಮೂಲಿ ಗ್ಲೌಸ್. ಇನ್ನೊಂದು, ಒಂದೊಂದೇ ಜೊತೆಯಾಗಿ ಸೀಲ್ ಮಾಡಿದ ಪೊಟ್ಟಣದ ಸ್ಟೆರೈಲ್ ಗ್ಲೌಸ್. ಅದರ ಮೇಲೆ 6, 6.5, 7 ಎಂದು ಅಳತೆ ಬರೆದಿರುತ್ತದೆ. ಹೆರಿಗೆ ಮಾಡಿಸಲು ಬೇಕಾದದ್ದು ಈ ಎರಡನೆಯದು. ಡಬ್ಬಿಯ ಗ್ಲೌಸ್ ರಕ್ತವಾದ ಬಟ್ಟೆ ತೆಗೆಯಲು, ಹಾಸಿಗೆ ಒರೆಸಲು ಸಾಕು. ಸಿರುಗುಪ್ಪ, ಕುರುಗೋಡು ಕಡೆಯ ಆರೋಗ್ಯ ಕೇಂದ್ರಗಳಲ್ಲಿ ಹೊಸ ನರ್ಸ್‌ಗಳಿಗೆ ಕಲಿಸುವ ಹಿರಿಯ ಸಿಸ್ಟರ್‌ಗಳು ಮೊದಲ ದಿನವೇ ಎರಡನ್ನೂ ಮೇಜಿನ ಮೇಲಿಟ್ಟು ಈ ವ್ಯತ್ಯಾಸ ತೋರಿಸಬೇಕು.

ಮೊದಲು ಸೋಪು

ಗ್ಲೌಸ್ ಇದೆಯಲ್ಲ ಎಂದು ಕೈ ತೊಳೆಯದಿರುವುದು ದೊಡ್ಡ ತಪ್ಪು. ವಿಯೆನ್ನಾದಲ್ಲಿ ವೈದ್ಯ ಸೆಮೆಲ್‌ವೈಸ್ 1847ರಲ್ಲಿ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿಯೇ ಬಾಣಂತಿ ನಂಜಿನ ಸಾವುಗಳನ್ನು ತಗ್ಗಿಸಿದರು. ಆಗಿನ್ನೂ ರಬ್ಬರ್ ಗ್ಲೌಸ್ ಬಳಕೆಗೆ ಬಂದಿರಲಿಲ್ಲ. ಗ್ಲೌಸ್‌ನಲ್ಲಿ ಕಣ್ಣಿಗೆ ಕಾಣದ ತೂತು ಇರಬಹುದು, ಕೆಲಸದ ನಡುವೆ ಹರಿಯಲೂಬಹುದು. ಬಳೆ, ಉಂಗುರ, ವಾಚು ತೆಗೆದಿಡಿ. ಉಗುರು ಚಿಕ್ಕದಿರಲಿ. ಬೆರಳ ಸಂದಿ, ಉಗುರಿನ ಬುಡ, ಮೊಣಕೈವರೆಗೆ ತಿಕ್ಕಿ ತೊಳೆದು, ಸ್ವಚ್ಛ ಬಟ್ಟೆಯಲ್ಲಿ ಪೂರ್ತಿ ಒರೆಸಿಕೊಳ್ಳಿ. ಕೈ ಒದ್ದೆಯಿದ್ದರೆ ಗ್ಲೌಸ್ ಏರುವುದೇ ಇಲ್ಲ.

ಹಾಕುವ ಕ್ರಮ

ಹೊರಗಿನ ಪೊಟ್ಟಣವನ್ನು ಇನ್ನೊಬ್ಬರು ಬಿಚ್ಚಿಕೊಡಲಿ. ಒಳಗಿನ ಕಾಗದವನ್ನು ಶುಭ್ರವಾದ, ಒಣಗಿದ ಜಾಗದಲ್ಲಿ ಬಿಡಿಸಿದರೆ ಎರಡೂ ಗ್ಲೌಸ್‌ಗಳ ಮಣಿಕಟ್ಟು ಹೊರಕ್ಕೆ ಮಡಚಿರುವುದು ಕಾಣುತ್ತದೆ. ಆ ಮಡಿಕೆ ಇಟ್ಟಿರುವುದೇ ಬರಿಗೈ ಮುಟ್ಟಲಿ ಎಂದು. ಎಡಗೈಯಿಂದ ಮಡಿಕೆಯನ್ನಷ್ಟೇ ಹಿಡಿದು ಬಲಗೈಗೆ ಏರಿಸಿ. ಈಗ ಗ್ಲೌಸ್ ಇರುವ ಬಲಗೈ ಬೆರಳುಗಳನ್ನು ಇನ್ನೊಂದರ ಮಡಿಕೆಯ ಒಳಸಂದಿಗೆ ತೂರಿಸಿ, ಎತ್ತಿ, ಎಡಗೈಗೆ ಹಾಕಿಕೊಳ್ಳಿ. ಹೆಬ್ಬೆರಳು ಮೇಲಕ್ಕೆ ಚಾಚಿರಲಿ, ಇಲ್ಲದಿದ್ದರೆ ಅದು ಎಡಗೈಯ ಚರ್ಮಕ್ಕೆ ತಾಗುತ್ತದೆ. ಮುಂದೆ ಕೈ ಸೊಂಟಕ್ಕಿಂತ ಮೇಲೆ, ಕಣ್ಣೆದುರಿಗೇ ಇರಬೇಕು. ಮೊಬೈಲ್, ಸ್ವಿಚ್ಚು, ಸೆರಗು, ಮುಖದ ಮಾಸ್ಕ್, ಯಾವುದನ್ನು ಮುಟ್ಟಿದರೂ ಆ ಜೊತೆ ಮುಗಿಯಿತು, ಹೊಸದು ಬೇಕು.

ಹೆರಿಗೆಯ ಹೊತ್ತಿನಲ್ಲಿ ಕೈಗೆ ಮಲ ತಾಗುವುದು ಸಹಜ. ಅದೇ ಕೈಯಲ್ಲಿ ಹೊಕ್ಕುಳಬಳ್ಳಿ ಹಿಡಿಯಬಾರದು. ಮೊದಲೇ ಎರಡು ಜೊತೆ ಹಾಕಿಕೊಂಡಿದ್ದು, ಬಳ್ಳಿಗೆ ಕೈಯಿಡುವ ಮುನ್ನ ಮೇಲಿನದನ್ನು ತೆಗೆದುಬಿಡುವುದು ಒಳ್ಳೆಯ ರೂಢಿ.

ಅರಿಶಿನದ ಪರೀಕ್ಷೆ

ಹೆಚ್ಚಿನವರು ಎಡವುವುದು ತೆಗೆಯುವಾಗ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಮಾಡಿಸಿ ತೋರಿಸಬೇಕು. ಕಲಿಯುವವರಿಗೆ ಡಬ್ಬಿಯ ಗ್ಲೌಸ್ ಹಾಕಿಸಿ, ಅಂಗೈಗೂ ಬೆರಳಿಗೂ ನೀರಲ್ಲಿ ಕಲಸಿದ ಅರಿಶಿನ ದಪ್ಪಗೆ ಬಳಿಯಿರಿ. ಅರಿಶಿನವನ್ನು ರಕ್ತವೆಂದೇ ತಿಳಿಯಲಿ. ಒಂದು ಕೈಯಿಂದ ಇನ್ನೊಂದರ ಮಣಿಕಟ್ಟಿನ ಹತ್ತಿರ ಹೊರಭಾಗವನ್ನು ಚಿವುಟಿ ಹಿಡಿದು, ಒಳಮೈ ಹೊರಗಾಗುವಂತೆ ಸುಲಿಯಲಿ. ಸುಲಿದದ್ದನ್ನು ಗ್ಲೌಸ್ ಇರುವ ಕೈಯ ಮುಷ್ಟಿಯಲ್ಲೇ ಇಟ್ಟುಕೊಳ್ಳಲಿ. ಆಮೇಲೆ ಬರಿಗೈಯ ಬೆರಳನ್ನು ಎರಡನೆಯದರ ಒಳಕ್ಕೆ, ಚರ್ಮದ ಗುಂಟ ತೂರಿಸಿ, ಮೊದಲನೆಯದೂ ಒಳಗೆ ಸೇರುವಂತೆ ತಿರುಗಿಸಿ ಎಳೆಯಲಿ. ಈಗ ಕೈ ನೋಡಿ. ಮಣಿಕಟ್ಟಿನಲ್ಲೋ ಬೆರಳ ತುದಿಯಲ್ಲೋ ಒಂದು ಹಳದಿ ಚುಕ್ಕೆಯಿದ್ದರೂ ಮತ್ತೆ ಮಾಡಿಸಿ. ಆ ಚುಕ್ಕೆಯನ್ನು ಒಮ್ಮೆ ತಮ್ಮ ಕೈಮೇಲೇ ಕಂಡವರು ಅವಸರ ಬಿಡುತ್ತಾರೆ.

ತೆಗೆದ ಗ್ಲೌಸ್ ಕೆಂಪು ಚೀಲಕ್ಕೆ, ಮಾಸು ಹಳದಿ ಚೀಲಕ್ಕೆ: ಇದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ. ತಿಪ್ಪೆಗೂ ಕಾಲುವೆಗೂ ಹೋಗಕೂಡದು. ತೊಳೆದು ಒಣಹಾಕಿ ಇನ್ನೊಬ್ಬ ತಾಯಿಗೆ ಬಳಸುವುದಂತೂ ಬೇಡವೇ ಬೇಡ. ಗ್ಲೌಸ್ ತೆಗೆದ ಮೇಲೆ ಮತ್ತೆ ಸೋಪು ಹಚ್ಚಿ ಕೈ ತೊಳೆಯಬೇಕು.

ಬಿಸಿಲು, ಎಣ್ಣೆ

ಬಳ್ಳಾರಿಯ ಬೇಸಿಗೆಯಲ್ಲಿ ಸ್ಕೂಟರ್ ಡಿಕ್ಕಿಯಲ್ಲೋ ತಗಡಿನ ಶೀಟಿನ ಕೋಣೆಯಲ್ಲೋ ಇಟ್ಟ ಲ್ಯಾಟೆಕ್ಸ್ ಗ್ಲೌಸ್ ಅಂಟಂಟಾಗುತ್ತದೆ, ಎಳೆದರೆ ಹರಿಯುತ್ತದೆ. ನೆರಳಿನ, ತಂಪಾದ ಜಾಗದಲ್ಲಿಡಿ. ಅವಧಿ ಮುಗಿದ ದಿನಾಂಕ, ಹರಿದ ಸೀಲ್, ನೀರಿನ ಕಲೆ ನೋಡಿಯೇ ಬಿಚ್ಚಿ. ಹೆರಿಗೆ ಮಾಡಿಸುವಾಗ ಕೊಬ್ಬರಿ ಎಣ್ಣೆ, ಹರಳೆಣ್ಣೆ ಹಚ್ಚುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಎಣ್ಣೆ ತಾಗಿದರೆ ಲ್ಯಾಟೆಕ್ಸ್ ಬೇಗ ಸಡಿಲವಾಗುತ್ತದೆ. ಲ್ಯಾಟೆಕ್ಸ್‌ನಿಂದ ತುರಿಕೆ, ಗಂದೆ ಏಳುವವರಿಗೆ ನೈಟ್ರೈಲ್ ಗ್ಲೌಸ್ ಕೊಡಿಸಿ.

ದಾರಿಯಲ್ಲೇ ಹೆರಿಗೆಯಾದರೆ

ಆಶಾ ಕಾರ್ಯಕರ್ತೆಯರ ಕೆಲಸ ಗರ್ಭಿಣಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಹೆರಿಗೆ ಮಾಡಿಸುವುದಲ್ಲ. ಆದರೂ ಹೊಲದ ದಾರಿಯಲ್ಲಿ ಹೆರಿಗೆ ಕಾಯುವುದಿಲ್ಲ. 108ಕ್ಕೆ ಕರೆ ಮಾಡಿ. ಹೊಸ ಗ್ಲೌಸ್ ಇಲ್ಲದಿದ್ದರೆ, ಬಳಸಿ ಬಿಟ್ಟದ್ದಕ್ಕಿಂತ ಸೋಪಿನಲ್ಲಿ ತೊಳೆದ ಬರಿಗೈಯೇ ಮೇಲು. ಮಗುವನ್ನು ಒರೆಸಿ, ತಾಯಿಯ ಮೈಗೆ ಒರಗಿಸಿ, ಒಣಬಟ್ಟೆ ಹೊದಿಸಿ. ಬಳ್ಳಿ ಕತ್ತರಿಸುವ ಅವಸರ ಬೇಡ. ಸ್ಟೆರೈಲ್ ಬ್ಲೇಡು, ಕ್ಲಾಂಪು ಇರುವವರು ಬರುವವರೆಗೆ ಅದು ಹಾಗೇ ಇರಲಿ.