ಲೆಕ್ಕದ ತಂತ್ರಾಂಶದ ಪರಿಭಾಷೆ: ವರ್ತಕರು ಅರಿತಿರಬೇಕಾದ ಕೆಲವು ಪದಗಳು

ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65 ಹುಮನಾಬಾದ್ ಪಟ್ಟಣವನ್ನು ಹಾಯ್ದು ಹೋಗುತ್ತದೆ. ಬಸವಕಲ್ಯಾಣದ ಕಡೆಗೆ ತಿರುಗುವ ಸಸ್ತಾಪುರ ಬಂಗ್ಲಾ ಸಹ ಇದೇ ಹೆದ್ದಾರಿಯ ಮೇಲಿದೆ. ಪೂರ್ವಕ್ಕೆ ತೆಲಂಗಾಣದ ಜಹೀರಾಬಾದ್, ಪಶ್ಚಿಮಕ್ಕೆ ಮಹಾರಾಷ್ಟ್ರದ ಉಮರ್ಗಾ ಸಮೀಪದಲ್ಲಿವೆ. ಹೀಗಾಗಿ ಇಲ್ಲಿನ ವರ್ತಕರಿಗೆ ಒಂದೇ ದಿನ ಮೂರು ರಾಜ್ಯಗಳ ಗಿರಾಕಿಗಳಿಗೆ ಬಿಲ್ ಬರೆಯುವ ಪ್ರಸಂಗ ಬರಬಹುದು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಗಿರಾಕಿಯ ರಾಜ್ಯ ಯಾವುದೆಂಬುದು ಬಿಲ್ಲಿನ ಮುಖ್ಯ ಅಂಶವಾಯಿತು. ಆ ಅಂಶವನ್ನು ನಿರ್ಧರಿಸುವುದು ಅಂಗಡಿಯ ಗಣಕಯಂತ್ರದಲ್ಲಿರುವ ತಂತ್ರಾಂಶದ ಹೊಂದಾಣಿಕೆ. ಆದರೆ ಆ ಹೊಂದಾಣಿಕೆಯನ್ನು ವಿವರಿಸುವ ಸಹಾಯ ಪಠ್ಯವು ಪಾರಿಭಾಷಿಕ ಪದಗಳಿಂದ ತುಂಬಿರುತ್ತದೆ. ಅರ್ಥವಾಗದ ಪ್ರಶ್ನೆಗೆ ‘ಹೌದು’ ಎಂದು ಒತ್ತಿದರೆ ಅದರ ಪರಿಣಾಮವನ್ನು ವರ್ತಕರೇ ಭರಿಸಬೇಕಾಗುತ್ತದೆ.

ಹಳೆಯ ವಹಿಯ ಮಾತು, ಹೊಸ ಪರದೆಯ ಮಾತು

ಕೀರ್ದಿ, ಖತಾವಣಿ, ಜಮಾ, ನಾವೆ, ಶಿಲ್ಕು ಎಂಬ ಪದಗಳು ನಮ್ಮ ಪೇಟೆಗಳಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿವೆ. ತಂತ್ರಾಂಶದ ಪದಗಳನ್ನು ಇವುಗಳೊಡನೆ ಹೋಲಿಸಿ ನೋಡಿದರೆ ಗೊಂದಲ ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ಲೆಡ್ಜರ್: ಪುಸ್ತಕದ ಲೆಕ್ಕದಲ್ಲಿ ಲೆಡ್ಜರ್ ಎಂದರೆ ಇಡೀ ಖತಾವಣಿ. 1986ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆಯ ‘ಟ್ಯಾಲಿ’ ತಂತ್ರಾಂಶದಲ್ಲಿ ಮಾತ್ರ ಲೆಡ್ಜರ್ ಎಂದರೆ ಒಬ್ಬ ಗಿರಾಕಿಯ ಅಥವಾ ಒಂದು ಬಾಬಿನ ಖಾತೆ.

ವೋಚರ್: ಇದು ಕೇವಲ ಕಾಗದದ ಚೀಟಿಯಲ್ಲ. ಖರೀದಿ, ಮಾರಾಟ, ಪಾವತಿ ಮುಂತಾದ ಪ್ರತಿಯೊಂದು ವ್ಯವಹಾರದ ನಮೂದಿಗೂ ಈ ಹೆಸರಿದೆ. ಕೀರ್ದಿಯ ಒಂದು ನಮೂದಿಗೆ ಇದು ಸಮಾನ.

ಮಾಸ್ಟರ್: ಗಿರಾಕಿಯ ಹೆಸರು, ವಿಳಾಸ, ರಾಜ್ಯ, ಸರಕಿನ ತೆರಿಗೆ ದರ ಮುಂತಾಗಿ ಒಮ್ಮೆ ಬರೆದು ಮತ್ತೆ ಮತ್ತೆ ಬಳಸುವ ಸ್ಥಿರ ಮಾಹಿತಿ. ಇಲ್ಲಿ ಒಂದು ತಪ್ಪು ನುಸುಳಿದರೆ ಮುಂದಿನ ಬಿಲ್ಲುಗಳಲ್ಲೆಲ್ಲ ಅದು ಮರುಕಳಿಸುತ್ತದೆ.

ಡಿಫಾಲ್ಟ್: ಬಳಕೆದಾರರು ಏನನ್ನೂ ಹೇಳದಿದ್ದಾಗ ತಂತ್ರಾಂಶವು ತಾನಾಗಿ ಹಿಡಿಯುವ ಆಯ್ಕೆ. ಸಾಲ ಮರುಪಾವತಿ ತಪ್ಪಿದಾಗ ಬ್ಯಾಂಕಿನವರು ಬಳಸುವ ಡಿಫಾಲ್ಟ್ ಪದಕ್ಕೂ ಇದಕ್ಕೂ ಸಂಬಂಧವಿಲ್ಲ.

ಓವರ್‌ರೈಡ್: ಸ್ಥಿರ ಮಾಹಿತಿಯನ್ನು ಹಾಗೆಯೇ ಬಿಟ್ಟು, ಪ್ರಸ್ತುತ ನಮೂದಿಗೆ ಮಾತ್ರ ಬೇರೆ ಮಾಹಿತಿ ಕೊಡುವುದು.

ಸರಕು ತಲಪುವ ಸ್ಥಳದ ಪ್ರಶ್ನೆ

ಇವೆಲ್ಲಕ್ಕಿಂತ ಹೆಚ್ಚು ಎಚ್ಚರಿಕೆ ಬೇಡುವ ಪದವೆಂದರೆ ‘ಪ್ಲೇಸ್ ಆಫ್ ಸಪ್ಲೈ’, ಅಂದರೆ ಪೂರೈಕೆಯ ಸ್ಥಳ. ಸಾಮಾನ್ಯವಾಗಿ ತಂತ್ರಾಂಶವು ಗಿರಾಕಿಯ ಖಾತೆಯಲ್ಲಿ ನಮೂದಾಗಿರುವ ರಾಜ್ಯವನ್ನೇ ಪೂರೈಕೆಯ ಸ್ಥಳವೆಂದು ಹಿಡಿಯುತ್ತದೆ.

ಒಂದು ಉದಾಹರಣೆ: ಹುಮನಾಬಾದಿನ ವರ್ತಕರೊಬ್ಬರು ಶೇ. 18 ತೆರಿಗೆಯ, ₹10,000 ಬೆಲೆಯ ಕಬ್ಬಿಣವನ್ನು ಜಹೀರಾಬಾದಿನ ನೋಂದಾಯಿತ ವ್ಯಾಪಾರಿಗೆ ಕಳುಹಿಸುತ್ತಾರೆ. ಸರಕಿನ ಸಾಗಣೆ ತೆಲಂಗಾಣದಲ್ಲಿ ಮುಗಿಯುವುದರಿಂದ ₹1,800 ಐಜಿಎಸ್‌ಟಿ ಹಾಕಬೇಕು. ಖಾತೆಯಲ್ಲಿ ಕರ್ನಾಟಕವೆಂದು ಇದ್ದರೆ ₹900 ಸಿಜಿಎಸ್‌ಟಿ ಮತ್ತು ₹900 ಎಸ್‌ಜಿಎಸ್‌ಟಿ ಬೀಳುತ್ತದೆ. ಎರಡೂ ರೀತಿಯಲ್ಲಿ ಬಿಲ್ಲಿನ ಒಟ್ಟು ಮೊತ್ತ ₹11,800. ಮೊತ್ತ ಸರಿಯಾಗಿಯೇ ಕಾಣುವುದರಿಂದ ಈ ತಪ್ಪು ಮುನೀಮರ ಕಣ್ಣಿಗೆ ಬೀಳುವುದಿಲ್ಲ. ನಂತರ ಬೆಳಕಿಗೆ ಬಂದಾಗ ಸರಿಯಾದ ತೆರಿಗೆಯನ್ನು ಮೊದಲು ಕಟ್ಟಿ, ತಪ್ಪಾಗಿ ಕಟ್ಟಿದ್ದನ್ನು ಮರುಪಾವತಿಯಾಗಿ ಕೇಳಬೇಕಾಗುತ್ತದೆ. ಇಂತಹ ಪ್ರಕರಣದಲ್ಲಿ ಬಡ್ಡಿ ಇಲ್ಲವಾದರೂ ಮರುಪಾವತಿ ಬರುವವರೆಗೆ ಬಂಡವಾಳ ಸಿಕ್ಕಿಕೊಳ್ಳುತ್ತದೆ.

ಇದಕ್ಕೆ ವ್ಯತಿರಿಕ್ತವಾದ ಸಂದರ್ಭವೂ ಉಂಟು. ಬಸವಕಲ್ಯಾಣದ ನೋಂದಾಯಿತ ವ್ಯಾಪಾರಿಯೊಬ್ಬರು ಹುಮನಾಬಾದಿನಲ್ಲಿ ಸರಕು ಕೊಂಡು, ಅದನ್ನು ನೇರವಾಗಿ ಉಮರ್ಗಾದಲ್ಲಿರುವ ತಮ್ಮ ಗಿರಾಕಿಗೆ ಮುಟ್ಟಿಸಲು ಸೂಚಿಸಿದರೆ, ಲಾರಿ ಮಹಾರಾಷ್ಟ್ರಕ್ಕೆ ಹೋದರೂ ಹುಮನಾಬಾದಿನ ಬಿಲ್ಲಿಗೆ ಪೂರೈಕೆಯ ಸ್ಥಳ ಕರ್ನಾಟಕವೇ. ನೋಂದಣಿ ಇಲ್ಲದ ಗಿರಾಕಿಯಾದರೆ 2023ರ ಅಕ್ಟೋಬರ್ 1ರಿಂದ ಬಿಲ್ಲಿನಲ್ಲಿ ಬರೆದ ಗಿರಾಕಿಯ ವಿಳಾಸವೇ ನಿರ್ಣಾಯಕ. ರಾಜ್ಯದ ಹೆಸರಷ್ಟೇ ಇದ್ದರೂ ಅದು ವಿಳಾಸವೆಂದೇ ಪರಿಗಣಿತವಾಗುತ್ತದೆ. ಏನನ್ನೂ ಬರೆಯದಿದ್ದರೆ ಮಾರುವವರ ಸ್ಥಳವೇ ಪೂರೈಕೆಯ ಸ್ಥಳವಾಗುತ್ತದೆ.

ಸಹಾಯ ಪಠ್ಯ ಹೇಗಿರಬೇಕು?

ಪರದೆಯ ಮೇಲೆ ಕಾಣುವ ಸೂಚನೆ ಸಾಮಾನ್ಯವಾಗಿ ಈ ಬಗೆಯದು: “ಡಿಫಾಲ್ಟ್ ಪ್ಲೇಸ್ ಆಫ್ ಸಪ್ಲೈ ಓವರ್‌ರೈಡ್ ಮಾಡಲು ಈ ಆಪ್ಷನ್ ಎನೇಬಲ್ ಮಾಡಿ.” ಪ್ರತಿಯೊಂದು ಪದವನ್ನೂ ಸಂಸ್ಕೃತಕ್ಕೆ ತಿರುಗಿಸಿದರೂ ಇದು ತಿಳಿಯಾಗದು. ಅದನ್ನೇ ಹೀಗೆ ಬರೆಯಬಹುದು: “ಗಿರಾಕಿಯ ಖಾತೆಯಲ್ಲಿರುವ ರಾಜ್ಯದ ಬದಲು ಬೇರೆ ರಾಜ್ಯವನ್ನು ಈ ಬಿಲ್ಲಿಗೆ ಮಾತ್ರ ಬರೆಯಬೇಕಿದ್ದರೆ ‘ಹೌದು’ ಎನ್ನಿ. ಇಲ್ಲದಿದ್ದರೆ ‘ಇಲ್ಲ’ ಎಂದೇ ಇರಲಿ. ರಾಜ್ಯ ಬದಲಾದರೆ ತೆರಿಗೆಯ ಬಗೆಯೂ ಬದಲಾಗಬಹುದು.”

ಉತ್ತಮ ಸಹಾಯ ಪಠ್ಯವು ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕು: ಈ ಆಯ್ಕೆಯಿಂದ ಏನು ಬದಲಾಗುತ್ತದೆ? ಅದು ಯಾವಾಗ ಬೇಕಾಗುತ್ತದೆ? ತಪ್ಪಾಗಿ ಆರಿಸಿದರೆ ಏನಾಗುತ್ತದೆ? ಲೆಡ್ಜರ್, ವೋಚರ್‌ಗಳಂತಹ ರೂಢಿಯ ಪದಗಳನ್ನು ಹಾಗೆಯೇ ಉಳಿಸಿಕೊಂಡರೂ ಬಾಧಕವಿಲ್ಲ. ಪರದೆಯಲ್ಲೊಂದು ಪದ, ವಿವರಣೆಯಲ್ಲಿ ಇನ್ನೊಂದು ಪದ ಇರಬಾರದು, ಅಷ್ಟೆ.

ಅಂಗಡಿಯಲ್ಲಿ ಅನುಸರಿಸಬೇಕಾದ ಕ್ರಮ

1. ತಂತ್ರಾಂಶ ಅಳವಡಿಸುವವರಿಂದ ಪ್ರತಿ ಆಯ್ಕೆಗೂ ಮೇಲಿನ ಮೂರು ಉತ್ತರಗಳನ್ನು ಕೇಳಿ, ಒಂದು ವಹಿಯಲ್ಲಿ ಕನ್ನಡದಲ್ಲಿ ಬರೆದಿಡಬೇಕು.

2. ಗಿರಾಕಿಯ 15 ಅಂಕಾಕ್ಷರಗಳ ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿಗಳನ್ನು ಖಾತೆಯ ರಾಜ್ಯದೊಡನೆ ತಾಳೆ ನೋಡಬೇಕು. ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ತೆಲಂಗಾಣಕ್ಕೆ 36.

3. ಹೊಂದಾಣಿಕೆ ಬದಲಿಸಿದ ದಿನಾಂಕ, ಬದಲಿಸಿದವರ ಹೆಸರು ಮತ್ತು ಕಾರಣವನ್ನು ಅದೇ ವಹಿಯಲ್ಲಿ ದಾಖಲಿಸಬೇಕು.

4. ಬದಲಾವಣೆಯ ನಂತರ ಮೂರೂ ರಾಜ್ಯಗಳ ಒಂದೊಂದು ಮಾದರಿ ಬಿಲ್ಲನ್ನು ಪರೀಕ್ಷಿಸಬೇಕು. ಒಟ್ಟು ಮೊತ್ತವನ್ನಲ್ಲ, ತೆರಿಗೆಯ ಹೆಸರನ್ನು ನೋಡಬೇಕು.

ಮುನೀಮರು ಬದಲಾಗಬಹುದು, ತಂತ್ರಾಂಶದ ಆವೃತ್ತಿಯೂ ಬದಲಾಗಬಹುದು. ತಿಳಿಯಾದ ಮಾತಿನಲ್ಲಿ ಬರೆದಿಟ್ಟ ವಹಿಯೊಂದು ಅಂಗಡಿಯಲ್ಲಿದ್ದರೆ ಹೊಸಬರೂ ಮೊದಲ ದಿನದಿಂದಲೇ ತಪ್ಪಿಲ್ಲದೆ ಬಿಲ್ ಬರೆಯಬಲ್ಲರು. ವರ್ತಕ ಬಾಂಧವರು ಈ ಕಡೆಗೆ ಗಮನ ಹರಿಸುವುದು ಹಿತಕರ.