ಅಂಚೆ ಸೇವೆಯಲ್ಲಿ ಮಾಜಿ ಸೈನಿಕರು: ಹಕ್ಕುಗಳು, ತೊಡಕುಗಳು ಮತ್ತು ಪರಿಹಾರ ಮಾರ್ಗಗಳು

(ಗ್ರಾಮ ಪಂಚಾಯಿತಿ ಸದಸ್ಯರು, ಅಭಿವೃದ್ಧಿ ಅಧಿಕಾರಿಗಳು ಹಾಗೂ ಗ್ರಂಥಾಲಯ ಮೇಲ್ವಿಚಾರಕರ ಅಧ್ಯಯನಕ್ಕಾಗಿ)

1. ಪೀಠಿಕೆ

ಗಡಿಯಲ್ಲಿರುವ ಯೋಧನಿಗೆ ಊರಿನ ಸುದ್ದಿ ತಲುಪುತ್ತಿದ್ದುದು 56 ಎ.ಪಿ.ಒ. ಅಥವಾ 99 ಎ.ಪಿ.ಒ. ವಿಳಾಸ ಹೊತ್ತ ಪತ್ರಗಳ ಮೂಲಕ. ಅದೇ ಯೋಧನು ನಿವೃತ್ತನಾಗಿ ಹಿಂದಿರುಗಿದ ಮೇಲೆ ಖಾಕಿ ಚೀಲ ಹೆಗಲಿಗೇರಿಸಿ ಊರಿನ ಪತ್ರಗಳನ್ನು ಹಂಚುವುದು ನಮ್ಮ ಗ್ರಾಮಗಳಲ್ಲಿ ಅಪರೂಪದ ದೃಶ್ಯವಲ್ಲ. ಸಿಪಾಯಿ ದರ್ಜೆಯ ಬಹುಪಾಲು ಯೋಧರು ನಲವತ್ತರ ಆಸುಪಾಸಿನಲ್ಲಿಯೇ ಸೇನೆಯಿಂದ ಬಿಡುಗಡೆ ಹೊಂದುತ್ತಾರೆ. ಮಕ್ಕಳ ವಿದ್ಯಾಭ್ಯಾಸ, ಮನೆ ನಿರ್ಮಾಣ, ವೃದ್ಧ ತಂದೆತಾಯಿಯರ ಪಾಲನೆ ಇವೆಲ್ಲವೂ ಒಟ್ಟಿಗೆ ಎದುರಾಗುವ ಆ ವಯಸ್ಸಿನಲ್ಲಿ ಎರಡನೆಯ ಉದ್ಯೋಗವು ಅನಿವಾರ್ಯವಾಗುತ್ತದೆ.

ಮರು ಉದ್ಯೋಗದ ನಿಯಮಗಳನ್ನು ಅರಿಯದಿರುವ ಕಾರಣದಿಂದ ನ್ಯಾಯವಾಗಿ ದೊರೆಯಬೇಕಾದ ಹಣ ಕೈತಪ್ಪುವ ಸಂಭವವಿದೆ. ಅಂತಹವರು ಮೊದಲು ಸಲಹೆ ಕೇಳುವುದು ಗ್ರಾಮ ಪಂಚಾಯಿತಿಯ ಬಾಗಿಲಲ್ಲಿ. ಆದುದರಿಂದ ಈ ವಿಷಯದ ಸ್ಥೂಲ ಪರಿಚಯ ನಮಗೆಲ್ಲರಿಗೂ ಅಗತ್ಯ.

2. ನೇಮಕಾತಿ ಮತ್ತು ವಯೋಮಿತಿ

ಕೇಂದ್ರ ನಾಗರಿಕ ಸೇವೆಗಳಲ್ಲಿ ಮಾಜಿ ಸೈನಿಕರ ಮರು ಉದ್ಯೋಗಕ್ಕೆ 1979ರ ನಿಯಮಗಳು ಆಧಾರ. ಅವುಗಳ ಪ್ರಕಾರ ನೇರ ನೇಮಕಾತಿಯ 'ಸಿ' ಗುಂಪಿನ ಹುದ್ದೆಗಳಲ್ಲಿ ಶೇ. 10 ಮತ್ತು ಹಿಂದಿನ 'ಡಿ' ಗುಂಪಿನ ಹುದ್ದೆಗಳಲ್ಲಿ ಶೇ. 20 ಮೀಸಲಾತಿ ಇದೆ.

ವಯಸ್ಸನ್ನು ಲೆಕ್ಕ ಹಾಕುವ ಕ್ರಮ ಹೀಗಿದೆ: ಅಭ್ಯರ್ಥಿಯ ನಿಜ ವಯಸ್ಸಿನಿಂದ ಸೇನಾ ಸೇವೆಯ ಅವಧಿಯನ್ನು ಕಳೆಯಬೇಕು. ಉಳಿದ ಸಂಖ್ಯೆಯು ಹುದ್ದೆಯ ಗರಿಷ್ಠ ವಯೋಮಿತಿಯನ್ನು 3 ವರ್ಷಕ್ಕಿಂತ ಹೆಚ್ಚು ಮೀರಬಾರದು. ಉದಾಹರಣೆಗೆ, 17 ವರ್ಷ ಸೇವೆ ಸಲ್ಲಿಸಿದ 45 ವರ್ಷದ ಮಾಜಿ ಸೈನಿಕರು 27 ವರ್ಷ ಮಿತಿಯ ಹುದ್ದೆಗೆ ಅರ್ಜಿ ಹಾಕುತ್ತಾರೆಂದು ಭಾವಿಸೋಣ. 45ರಿಂದ 17 ಕಳೆದರೆ 28. ಇದು 30ರ ಒಳಗಿರುವುದರಿಂದ ಅವರು ಅರ್ಹರು. ಅವರೇ 48ನೆಯ ವಯಸ್ಸಿನಲ್ಲಿ ಅರ್ಜಿ ಹಾಕಿದರೆ ಲೆಕ್ಕ 31 ಆಗಿ ಅವಕಾಶ ತಪ್ಪುತ್ತದೆ. ಬಿಡುಗಡೆಯ ನಂತರ ವೃಥಾ ಕಾಲಹರಣ ಸಲ್ಲದೆಂಬುದು ಇದರಿಂದ ಸ್ಪಷ್ಟ.

ಮೀಸಲಾತಿಯಡಿ ಒಮ್ಮೆ ನಾಗರಿಕ ಹುದ್ದೆಗೆ ಸೇರಿದವರಿಗೆ ಮತ್ತೊಂದು ಹುದ್ದೆಗಾಗಿ ಅದೇ ಮೀಸಲಾತಿ ಸಾಮಾನ್ಯವಾಗಿ ದೊರೆಯದು. ಆದರೆ ಸೇರುವುದಕ್ಕೆ ಮೊದಲೇ ಬೇರೆ ಹುದ್ದೆಗಳಿಗೆ ಅರ್ಜಿ ಹಾಕಿದ್ದು, ಸೇರಿದ ಕೂಡಲೇ ಆ ಅರ್ಜಿಗಳ ವಿವರವನ್ನು ದಿನಾಂಕಸಹಿತ ಸ್ವಯಂ ಘೋಷಣೆಯಾಗಿ ಕಚೇರಿಗೆ ನೀಡಿದವರಿಗೆ ಸೌಲಭ್ಯ ಉಳಿಯುತ್ತದೆಂದು 2014ರ ಆಗಸ್ಟ್ 14ರ ಕೇಂದ್ರ ಆದೇಶ ತಿಳಿಸುತ್ತದೆ. ಒಂದು ಹಾಳೆಯ ಈ ಘೋಷಣೆಯನ್ನು ಮರೆತರೆ ಮುಂದಿನ ದಾರಿ ಮುಚ್ಚಿಹೋಗುತ್ತದೆ.

3. ವೇತನ ನಿಗದಿ ಮತ್ತು ಪಿಂಚಣಿಯ ಮೇಲಿನ ತುಟ್ಟಿ ಪರಿಹಾರ

ಅತಿ ಹೆಚ್ಚು ಗೊಂದಲವಿರುವ ಭಾಗ ಇದು. ಮರು ಉದ್ಯೋಗಿಗಳ ವೇತನ ನಿಗದಿಗೆ 1986ರ ಆದೇಶಗಳು ಅನ್ವಯಿಸುತ್ತವೆ. 55 ವರ್ಷ ತುಂಬುವ ಮೊದಲು ನಿವೃತ್ತರಾದ, ಕಮಿಷನ್ಡ್ ಅಧಿಕಾರಿ ದರ್ಜೆಗಿಂತ ಕೆಳಗಿನ ಸೈನಿಕರ ವಿಷಯದಲ್ಲಿ ಸೇನಾ ಪಿಂಚಣಿಯನ್ನು ಸಂಪೂರ್ಣವಾಗಿ ಗಣನೆಯಿಂದ ಹೊರಗಿಡಲಾಗುತ್ತದೆ. ಎಂದರೆ, ಪಿಂಚಣಿ ಬರುತ್ತಿದೆಯೆಂಬ ಕಾರಣಕ್ಕೆ ಅಂಚೆ ವೇತನದಲ್ಲಿ ಒಂದು ರೂಪಾಯಿಯನ್ನೂ ಕಡಿತ ಮಾಡುವಂತಿಲ್ಲ. ಆದರೆ ವೇತನವು ಹುದ್ದೆಯ ಶ್ರೇಣಿಯ ಕನಿಷ್ಠ ಹಂತದಿಂದ ಆರಂಭವಾಗುತ್ತದೆ. "ಹದಿನೇಳು ವರ್ಷ ದುಡಿದ ನನಗೂ ನಿನ್ನೆ ಸೇರಿದ ಹುಡುಗನಿಗೂ ಒಂದೇ ಸಂಬಳವೇ?" ಎಂಬ ನೋವು ಸಹಜವೇ ಆದರೂ, ಹಿಂದಿನ ಸೇವೆಯ ಫಲ ಪಿಂಚಣಿಯ ರೂಪದಲ್ಲಿ ಪ್ರತ್ಯೇಕವಾಗಿ ಸಲ್ಲುತ್ತಿದೆ ಎಂಬುದು ನಿಯಮದ ತರ್ಕ. ಜ್ಯೇಷ್ಠತೆಯೂ ಅಂಚೆ ಸೇವೆಗೆ ನೇಮಕಗೊಂಡ ಆಧಾರದ ಮೇಲೆಯೇ ನಿರ್ಧಾರವಾಗುತ್ತದೆ.

ಹೀಗೆ ಪಿಂಚಣಿಯನ್ನು ಪೂರ್ಣವಾಗಿ ಕೈಬಿಟ್ಟು ವೇತನವನ್ನು ಕನಿಷ್ಠ ಹಂತದಲ್ಲಿ ನಿಗದಿಪಡಿಸಿದಾಗ, ಸೇನಾ ಪಿಂಚಣಿಯ ಮೇಲಿನ ತುಟ್ಟಿ ಪರಿಹಾರವೂ ಮುಂದುವರಿಯಬೇಕು. 1999ರ ಜುಲೈ 2ರ ಆದೇಶದಿಂದ ಇದು ಸ್ಪಷ್ಟವಾಗಿದೆ. ಮರು ಉದ್ಯೋಗದ ಮಾಹಿತಿ ದಾಖಲಾದೊಡನೆ ಈ ಪರಿಹಾರ ನಿಂತುಹೋದರೆ ನಷ್ಟ ಸಣ್ಣದಲ್ಲ. ಪಿಂಚಣಿ ರೂ. 20,000 ಮತ್ತು ಪರಿಹಾರದ ದರ ಶೇ. 50 ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ತಿಂಗಳಿಗೆ ರೂ. 10,000, ವರ್ಷಕ್ಕೆ ರೂ. 1,20,000. ಆದ್ದರಿಂದ "ಪಿಂಚಣಿಯನ್ನು ಸಂಪೂರ್ಣವಾಗಿ ಕೈಬಿಟ್ಟು ವೇತನವನ್ನು ಕನಿಷ್ಠ ಹಂತದಲ್ಲಿ ನಿಗದಿಪಡಿಸಲಾಗಿದೆ" ಎಂಬ ಪ್ರಮಾಣಪತ್ರವನ್ನು ಅಂಚೆ ಕಚೇರಿಯಿಂದ ಪಡೆದು, ಬ್ಯಾಂಕಿಗೆ ಅಥವಾ ಸ್ಪರ್ಶ್ ವ್ಯವಸ್ಥೆಗೆ ಸಲ್ಲಿಸತಕ್ಕದ್ದು. ಉದ್ಯೋಗವನ್ನು ಮರೆಮಾಚುವುದು ಮಾತ್ರ ಎಂದಿಗೂ ಪರಿಹಾರವಲ್ಲ. ಮುಂದೆ ವಸೂಲಾತಿಗೆ ಅದೇ ಕಾರಣವಾದೀತು.

ಸೇನೆಯಲ್ಲಿ ಗುಮಾಸ್ತ ಅಥವಾ ಸ್ಟೋರ್‌ಮ್ಯಾನ್ ಆಗಿದ್ದು ನಾಗರಿಕ ಸೇವೆಯಲ್ಲಿ ಕಿರಿಯ ಗುಮಾಸ್ತ ಅಥವಾ ಸ್ಟೋರ್‌ಮ್ಯಾನ್ ಹುದ್ದೆಗೆ ಬಂದವರಿಗೆ ಅದೇ ಆದೇಶಗಳ 16ನೆಯ ಕ್ರಮಾಂಕವು ಒಂದು ಆಯ್ಕೆ ನೀಡುತ್ತದೆ: ಸೇನಾ ಸೇವೆಯ ಪೂರ್ಣ ವರ್ಷಗಳನ್ನು ಪರಿಗಣಿಸಿ ಮೇಲಿನ ಹಂತದಲ್ಲಿ ವೇತನ ನಿಗದಿ. ಸೇರಿದ 3 ತಿಂಗಳೊಳಗೆ ಆಯ್ಕೆ ತಿಳಿಸಬೇಕು. ತಿಳಿಸಿದ ಮೇಲೆ ಅದೇ ಅಂತಿಮ. ತಮ್ಮ ಹುದ್ದೆ ಇದರ ವ್ಯಾಪ್ತಿಗೆ ಬರುವುದೇ, ಕನಿಷ್ಠ ಹಂತ ಬಿಟ್ಟರೆ ತುಟ್ಟಿ ಪರಿಹಾರದ ಗತಿಯೇನು ಎಂಬೆರಡನ್ನೂ ಲಿಖಿತವಾಗಿ ಕೇಳಿ, ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ನಂತರವೇ ಸಹಿ ಹಾಕುವುದು ಲೇಸು.

4. ಗ್ರಾಮೀಣ ಡಾಕ್ ಸೇವಕರ ಸ್ಥಿತಿ

ಶಾಖಾ ಅಂಚೆ ಕಚೇರಿಗಳ ಗ್ರಾಮೀಣ ಡಾಕ್ ಸೇವಕರು ನಿಯತ ಸೇವೆಗೆ ಸೇರಿದವರಲ್ಲ. ಅವರಿಗೆ 2020ರ ಪ್ರತ್ಯೇಕ ನಿಯಮಗಳಿವೆ. ವೇತನಕ್ಕೆ ಬದಲಾಗಿ ಕೆಲಸದ ಅವಧಿಗನುಗುಣವಾದ ಭತ್ಯೆ ದೊರೆಯುತ್ತದೆ. ಆದರೂ ಅವರು ನಾಗರಿಕ ಹುದ್ದೆ ಹೊಂದಿದವರೆಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿಯೇ ತೀರ್ಪಿತ್ತಿದೆ. ಆದ್ದರಿಂದ ವಿಚಾರಣೆಯಿಲ್ಲದೆ ಅವರನ್ನು ವಜಾ ಮಾಡುವುದು ಸಂವಿಧಾನದ 311ನೆಯ ವಿಧಿಗೆ ವಿರುದ್ಧ. ಮೇಲೆ ಹೇಳಿದ ವೇತನ ನಿಗದಿ ಕ್ರಮವು ತಮಗೂ ಹಾಗೆಯೇ ಅನ್ವಯಿಸುವುದೆಂದು ಈ ಸೇವಕರು ಭಾವಿಸಬಾರದು.

5. ಮೌಖಿಕ ಆದೇಶ ಮತ್ತು ಲಿಖಿತ ದಾಖಲೆ

ಸೇನೆಯಲ್ಲಿ ಮೇಲಧಿಕಾರಿಯ ಮಾತೇ ಆದೇಶ, ಮರುಪ್ರಶ್ನೆ ಅಶಿಸ್ತು. ಅಂಚೆ ಕಚೇರಿಯಲ್ಲಿ ನಗದು, ಉಳಿತಾಯ ಖಾತೆ, ಮನಿಯಾರ್ಡರ್ ಎಲ್ಲಕ್ಕೂ ಸಹಿ ಹಾಕಿದವನೇ ಹೊಣೆ. "ಈಗ ಕೊಟ್ಟುಬಿಡು, ರಸೀದಿ ಆಮೇಲೆ ನೋಡೋಣ" ಎಂಬ ಮಾತನ್ನು ನಂಬಿ ನಡೆದವರು ಕೊರತೆ ಬಿದ್ದ ದಿನ ಒಬ್ಬಂಟಿಗರಾಗುತ್ತಾರೆ. 1964ರ ನಡತೆ ನಿಯಮಗಳ 3ನೆಯ ನಿಯಮದಂತೆ ಮೇಲಧಿಕಾರಿಯ ನಿರ್ದೇಶನವು ಸಾಮಾನ್ಯವಾಗಿ ಲಿಖಿತವಾಗಿರಬೇಕು. ಅನಿವಾರ್ಯವಾಗಿ ಮೌಖಿಕವಾಗಿದ್ದರೆ ಕೂಡಲೇ ಲಿಖಿತ ದೃಢೀಕರಣ ನೀಡುವುದು ಅಧಿಕಾರಿಯ ಕರ್ತವ್ಯ. ಅದನ್ನು ಕೇಳಿ ಪಡೆಯುವುದು ನೌಕರನ ಕರ್ತವ್ಯ. ಹೀಗೆ ಕೇಳುವುದು ಅವಿಧೇಯತೆಯಲ್ಲ ಎಂಬುದನ್ನು ಮಾಜಿ ಸೈನಿಕರು ಮನಗಾಣಬೇಕು.

ಇನ್ನೊಂದು ವ್ಯತ್ಯಾಸವೂ ಉಂಟು. ಸೇನೆಯಲ್ಲಿ ಸಂಘ ಕಟ್ಟುವ ಹಕ್ಕಿಗೆ ನಿರ್ಬಂಧವಿದೆ. ಅಂಚೆ ನೌಕರರಾದ ಮೇಲೆ ಮಾನ್ಯತೆ ಪಡೆದ ಸೇವಾ ಸಂಘವನ್ನು ಸೇರುವ ಸ್ವಾತಂತ್ರ್ಯವಿದೆ.

6. ಅಂಗವೈಕಲ್ಯ ಹೊಂದಿದವರು

ಗಾಯಾಳು ಯೋಧರಿಗೆ ದಿನವಿಡೀ ಸೈಕಲ್ ತುಳಿಯುವ ಬಟವಾಡೆ ಕೆಲಸ ಕಷ್ಟವಾಗಬಹುದು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 20ನೆಯ ಪ್ರಕರಣವು ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸಿ, ಸೂಕ್ತ ಅನುಕೂಲ ಕಲ್ಪಿಸಬೇಕೆಂದು ವಿಧಿಸುತ್ತದೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಉಂಟಾದರೆ ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಕೋರಿಕೆಯೊಂದಿಗೆ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರವನ್ನು ಲಗತ್ತಿಸಬೇಕು.

7. ಪರಿಹಾರದ ಮೆಟ್ಟಿಲುಗಳು

ಮೊದಲು ವಿಭಾಗೀಯ ಅಂಚೆ ಅಧೀಕ್ಷಕರಿಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಅಲ್ಲಿ ಪರಿಹಾರ ದೊರೆಯದಿದ್ದರೆ ಮೇಲಿನ ಅಧಿಕಾರಿಗೆ. ಅನಂತರ ಕೇಂದ್ರ ಆಡಳಿತ ನ್ಯಾಯಮಂಡಳಿಗೆ, ಅದರ ಪೀಠ ಬೆಂಗಳೂರಿನಲ್ಲಿದೆ. ಅಂತಿಮ ಆದೇಶವಾದ 1 ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಮನವಿಗೆ 6 ತಿಂಗಳಾದರೂ ಉತ್ತರ ಬಾರದಿದ್ದರೆ, ಆ 6 ತಿಂಗಳು ಮುಗಿದ ದಿನದಿಂದ 1 ವರ್ಷದ ಅವಕಾಶವಿದೆ. ಮೇಲಿಂದ ಮೇಲೆ ಜ್ಞಾಪನಪತ್ರ ಬರೆಯುವುದರಿಂದ ಈ ಅವಧಿ ಬೆಳೆಯದು. ಸೇನಾ ಪಿಂಚಣಿಯ ಮಂಜೂರಾತಿಗೆ ಸಂಬಂಧಿಸಿದ ವಿವಾದವಾದರೆ ಅದು ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಸೇರಿದ್ದು. ಎರಡೂ ಬಗೆಯ ಪ್ರಶ್ನೆಗಳಲ್ಲಿ ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯ ಮಾರ್ಗದರ್ಶನ ಪಡೆಯಬಹುದು.

8. ಗ್ರಾಮ ಪಂಚಾಯಿತಿಯ ಪಾತ್ರ

ಬಿಡುಗಡೆ ಪುಸ್ತಕ, ಪಿಂಚಣಿ ಪಾವತಿ ಆದೇಶ, ಅಂಚೆ ನೇಮಕಾತಿ ಪತ್ರ, ವೇತನ ನಿಗದಿ ಆದೇಶ ಮತ್ತು ಮನವಿಯ ಸ್ವೀಕೃತಿ, ಈ ಐದು ದಾಖಲೆಗಳ ಪ್ರತಿಗಳನ್ನು ಒಂದೇ ಕಡತದಲ್ಲಿಟ್ಟು, ಪತ್ನಿಗೂ ಅದರ ಸ್ಥಳ ತಿಳಿಸುವಂತೆ ಸಲಹೆ ನೀಡಿರಿ. ಗ್ರಂಥಾಲಯದಲ್ಲಿ ಮನವಿ ಬರೆಯಲು, ಪ್ರತಿ ತೆಗೆಯಲು ನೆರವಾಗಿರಿ. ದೇಶ ಕಾಯ್ದವರಿಗೆ ಸನ್ಮಾನದ ಶಾಲು ಹೊದಿಸುವುದು ಒಳ್ಳೆಯದೇ. ಗಡುವು ಮೀರುವ ಮೊದಲು ಅವರ ಅರ್ಜಿ ಕಚೇರಿ ತಲುಪುವಂತೆ ನೋಡಿಕೊಳ್ಳುವುದು ಅದಕ್ಕಿಂತ ಹೆಚ್ಚಿನ ಉಪಕಾರ.

ಚರ್ಚೆಗೆ ಪ್ರಶ್ನೆಗಳು

1. 15 ವರ್ಷ ಸೇನಾ ಸೇವೆಯುಳ್ಳ 43 ವರ್ಷದ ಅಭ್ಯರ್ಥಿಯು 25 ವರ್ಷ ಮಿತಿಯ ಹುದ್ದೆಗೆ ಅರ್ಹರೇ? ಲೆಕ್ಕ ಹಾಕಿ ತೋರಿಸಿರಿ.
2. ಪಿಂಚಣಿಯ ಮೇಲಿನ ತುಟ್ಟಿ ಪರಿಹಾರ ನಿಂತಾಗ ಮೊದಲು ಪಡೆಯಬೇಕಾದ ಪ್ರಮಾಣಪತ್ರ ಯಾವುದು?
3. ಮನವಿಗೆ ಉತ್ತರ ಬಾರದಿದ್ದಾಗ ನ್ಯಾಯಮಂಡಳಿಯ ಗಡುವನ್ನು ಯಾವ ದಿನದಿಂದ ಎಣಿಸಬೇಕು?
4. ತಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಅಂಚೆ ಸೇವೆಯಲ್ಲಿರುವ ಮಾಜಿ ಸೈನಿಕರು ಎಷ್ಟು ಮಂದಿ? ಅವರಲ್ಲಿ ಎಷ್ಟು ಜನರ ಬಳಿ ವೇತನ ನಿಗದಿ ಆದೇಶದ ಪ್ರತಿ ಇದೆ?