ಕೂಲರ್‌ಗೆ ಕೊಡಬೇಕಾದದ್ದು ಎಷ್ಟು?

ಮಗಳ ವಿಡಿಯೊ ಎಡಿಟಿಂಗ್‌ಗೆ ಕಂಪ್ಯೂಟರ್ ಜೋಡಿಸಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿದ್ದೆ. ಅಂಗಡಿಯವರು ಬರೆದುಕೊಟ್ಟ ಕೊಟೇಷನ್ 48,000 ರೂಪಾಯಿ. ಅದರಲ್ಲಿ 240 ಎಂಎಂ ಲಿಕ್ವಿಡ್ ಕೂಲರ್‌ಗೇ 7,500! ಪ್ರೊಸೆಸರ್ ನೋಡಿದರೆ 65 ವಾಟ್‌ನ ರೈಜನ್ 5 5600, ಅದರ ಡಬ್ಬಿಯಲ್ಲೇ ಫ್ಯಾನ್ ಇರುತ್ತದೆ. ಕೂಲರ್‌ನ ಸಾಲನ್ನು ಹೊಡೆದುಹಾಕಿಸಿದೆ. ‘ಬೇಸಿಗೆಯಲ್ಲಿ ಕಷ್ಟ ಆಗುತ್ತೆ ಸಾರ್’ ಅಂದರು. ಕೋಣೆಯ ಸೆಕೆ ಐದು ಡಿಗ್ರಿ ಏರಿದರೆ ಗಾಳಿ ಕೂಲರ್ ಆಗಲಿ, ನೀರಿನದಾಗಲಿ, ಪ್ರೊಸೆಸರ್‌ನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಕೂಲರ್ ಎಂದರೆ ಎ.ಸಿ. ಅಲ್ಲ.

ಡಬ್ಬಿಯ ಫ್ಯಾನಿನಲ್ಲೇ ಕೆಲಸ ನಡೆಯಿತು. ವಿಡಿಯೊ ಎಕ್ಸ್‌ಪೋರ್ಟ್ ಆಗುವಾಗ 84 ಡಿಗ್ರಿ. ಈ ಪ್ರೊಸೆಸರ್‌ನ ಮಿತಿ 90, ವೇಗವೇನೂ ಕುಗ್ಗಲಿಲ್ಲ. ಕಾಡಿದ್ದು ಸದ್ದು. ಮಗಳು ಕೆಲಸ ಮಾಡುವ ಕೋಣೆಯಲ್ಲೇ ನಮ್ಮಮ್ಮ ಮಲಗುತ್ತಾರೆ. ಫ್ಯಾನ್ ಒಮ್ಮೆ ಏರಿ ಒಮ್ಮೆ ಇಳಿದು ಕೊಯ್ಯ್ ಎನ್ನುತ್ತಿದ್ದರೆ ನಿದ್ದೆ ಎಲ್ಲಿಂದ ಬರಬೇಕು? 1,900 ಕೊಟ್ಟು ನಾಲ್ಕು ಹೀಟ್‌ಪೈಪಿನ ಟವರ್ ಮಾದರಿಯ ಗಾಳಿ ಕೂಲರ್ ತಂದು ಹಾಕಿಸಿದೆ. ಅದೇ ಎಕ್ಸ್‌ಪೋರ್ಟ್‌ಗೆ ಈಗ 66 ಡಿಗ್ರಿ. ಕ್ಯಾಬಿನೆಟ್‌ಗೆ ಕಿವಿ ಕೊಟ್ಟರಷ್ಟೇ ಸದ್ದು.

ಲೆಕ್ಕ ಹಾಕೋಣ. 1,900 ರೂಪಾಯಿಗೆ 18 ಡಿಗ್ರಿ ಇಳಿಯಿತು, ಡಿಗ್ರಿಗೆ ಸುಮಾರು 105 ರೂಪಾಯಿ. ಇದೇ ಪ್ರೊಸೆಸರ್‌ಗೆ ಲಿಕ್ವಿಡ್ ಕೂಲರ್ ಹಾಕಿಸಿದ ಗೆಳೆಯನ ಮನೆಯಲ್ಲಿ 62 ಡಿಗ್ರಿ ಬರುತ್ತದೆ. ಅಂದರೆ ಇನ್ನೂ ನಾಲ್ಕು ಡಿಗ್ರಿಗೆ 5,600 ರೂಪಾಯಿ ಹೆಚ್ಚು, ಡಿಗ್ರಿಗೆ 1,400! ಆ ನಾಲ್ಕು ಡಿಗ್ರಿಯಿಂದ ಎಕ್ಸ್‌ಪೋರ್ಟ್ ಬೇಗ ಮುಗಿಯುವುದೂ ಇಲ್ಲ. ಅದೇ ದುಡ್ಡಿನಲ್ಲಿ ಮಗಳಿಗೆ ನಿಜವಾಗಿ ಬೇಕಿದ್ದ ದೊಡ್ಡ ಎಸ್‌ಎಸ್‌ಡಿ ಬಂತು.

ಸಾಧಾರಣ ಕಂಪ್ಯೂಟರ್‌ಗೆ ಲಿಕ್ವಿಡ್ ಕೂಲರ್ ಮಾರುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಟವರ್‌ನಲ್ಲಿ ಕೆಡುವುದು ಫ್ಯಾನ್ ಒಂದೇ, ಕೆಲವು ನೂರು ರೂಪಾಯಿಗೆ ಬೇರೆ ಸಿಗುತ್ತದೆ. ಲಿಕ್ವಿಡ್ ಕೂಲರ್‌ನಲ್ಲಿ ಪಂಪ್ ಕೆಟ್ಟರೆ, ವಾರಂಟಿಯೂ ಮುಗಿದಿದ್ದರೆ, ಇಡೀ ಕೂಲರ್ ಗುಜರಿಗೆ. ಬಣ್ಣದ ದೀಪ ನೋಡಿ ಮಕ್ಕಳು ಆಸೆಪಡುವುದು ಸಹಜ, ದುಡ್ಡು ಕೊಡುವವರು ಕೊಟೇಷನ್ನಿನ ಒಂದೊಂದು ಸಾಲಿಗೂ ‘ಇದು ಯಾಕೆ?’ ಎಂದು ಕೇಳಬೇಕು. ನಾವು ತರಕಾರಿಗೆ ಚೌಕಾಸಿ ಮಾಡುತ್ತೇವೆ, ಇಲ್ಲಿ ಒಟ್ಟು ಮೊತ್ತ ನೋಡಿ ಫೋನ್‌ಪೇ ಮಾಡಿಬಿಡುತ್ತೇವೆ.

ಟವರ್ ಕೊಳ್ಳುವವರು ಕ್ಯಾಬಿನೆಟ್ಟಿನ ಅಗಲ ಮೊದಲು ಅಳೆಯಿರಿ, ಎಷ್ಟೋ ಕೂಲರ್‌ಗಳು 150 ಎಂಎಂ ಎತ್ತರ ಇರುತ್ತವೆ, ಆ ಎತ್ತರ ಕ್ಯಾಬಿನೆಟ್ಟಿನ ಅಗಲದೊಳಗೆ ಹಿಡಿಯಬೇಕು. ಮೂರು ತಿಂಗಳಿಗೊಮ್ಮೆ ಬ್ರಷ್ ಹಿಡಿದು ಧೂಳು ತೆಗೆಯಿರಿ. ರಸ್ತೆ ಬದಿಯ ಮನೆಯಾದರೆ ತಿಂಗಳಿಗೊಮ್ಮೆ.